ಡಬ್ಲ್ಯುಪಿಎಲ್ ಸಿ24: ಅಗ್ಗದ ಆರ್‌ಸಿ ಟ್ರಕ್ಕನ್ನು ಅಡಿಯಿಂದ ನೋಡಿದಾಗ

ಐದು ಸಾವಿರದೊಳಗೆ ಒಂದು ರಿಮೋಟ್ ಟ್ರಕ್ ಬೇಕು, ಕೆಟ್ಟರೆ ರಿಪೇರಿ ಆಗಬೇಕು, ಕೈಯಾರೆ ಒಂದೊಂದೇ ಭಾಗ ಬದಲಾಯಿಸುತ್ತಾ ಹೋಗುವಂತಿರಬೇಕು ಅನ್ನುವವರು ಡಬ್ಲ್ಯುಪಿಎಲ್ ಅನ್ನುವ ಕಂಪನಿಯ ಸಿ24 ತೆಗೆದುಕೊಳ್ಳಿ. ಈ ಬೆಲೆಗೆ ಇದಕ್ಕಿಂತ ಹೆಚ್ಚು ಕಲಿಸುವ ಗಾಡಿಯನ್ನು ನಾನು ಕಂಡಿಲ್ಲ. ನಾನು ಕೊಟ್ಟಿದ್ದು ನಾಲ್ಕೂವರೆ ಸಾವಿರ. ಆಮೇಲೆ ಬಿಡಿ ಭಾಗಗಳಿಗೆ ಹೆಚ್ಚುಕಮ್ಮಿ ಅಷ್ಟೇ ಖರ್ಚಾಯಿತು. ಆ ಖರ್ಚೆಲ್ಲ ಸಾರ್ಥಕ ಅನ್ನುವುದು ನನ್ನ ಅಭಿಪ್ರಾಯ.

ಇದು 1:16 ಅಳತೆಯ ಪಿಕಪ್. ಹಳೇ ಟೊಯೋಟಾ ಹೈಲಕ್ಸ್ ಹೋಲುವ ಚೌಕದ ಮೂತಿ, ಹಿಂದೆ ತೆರೆದ ತೊಟ್ಟಿ. ಉದ್ದ ಒಂದು ಅಡಿಗೆ ಸ್ವಲ್ಪ ಕಮ್ಮಿ. ಮೋಟರಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ವೇಗ ಇಲ್ಲ, ಹತ್ತುವುದಕ್ಕೆಂದೇ ಮಾಡಿದ ಗಾಡಿ. ಆದರೆ ನನಗೆ ಇಷ್ಟವಾದದ್ದು ಇದ್ಯಾವುದೂ ಅಲ್ಲ. ಗಾಡಿಯನ್ನು ತಿರುಗಿಸಿ ಅಡಿ ನೋಡಿದರೆ ಅಲ್ಲೊಂದು ನಿಜವಾದ ಲಾರಿ ಕಾಣುತ್ತದೆ.

ಹಾಸನದಲ್ಲಿ ಅಪ್ಪ ಲಾರಿಗಳ ಕಮಾನ್ ಪಟ್ಟಿ ಕೆಲಸ ಮಾಡುತ್ತಿದ್ದರು. ಎಲೆ ಅನ್ನುವ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಸ್ಪ್ರಿಂಗ್ ಅದು. ಶಿರಾಡಿ ಘಾಟಿ ಹತ್ತಿಳಿದು ಬರುವ ಲಾರಿಗಳ ಪಟ್ಟಿ ಬಿಚ್ಚಿ, ಮುರಿದ ಎಲೆ ತೆಗೆದು, ಹೊಸದು ಹಾಕಿ ಬಿಗಿಯುವ ಕೆಲಸ. ನಾನು ಬೆಳೆದಿದ್ದು ಆ ಶೆಡ್ಡಿನಲ್ಲಿ. ಹಾಗಾಗಿ ಯಾವ ಗಾಡಿಯನ್ನಾದರೂ ಮೊದಲು ಕೆಳಗಿನಿಂದಲೇ ನೋಡುವುದು ನನಗೆ ರೂಢಿ. ಸಿ24ರಲ್ಲಿ ನಾಲ್ಕು ಮೂಲೆಗೂ ಕಮಾನ್ ಪಟ್ಟಿ ಇದೆ. ಮುಂದೆ ಒಂದು ಹೌಸಿಂಗ್, ಹಿಂದೆ ಒಂದು ಹೌಸಿಂಗ್, ಅಂದರೆ ಎಡಬಲ ಚಕ್ರಗಳ ನಡುವಿನ ಆಕ್ಸಲ್ ಮತ್ತು ಗೇರುಗಳ ಕವಚ. ನಡುವೆ ಗೇರ್ ಪೆಟ್ಟಿಗೆ, ಅದಕ್ಕೆ ಒಂದೇ ಮೋಟರ್. ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ಶಕ್ತಿ ಒಯ್ಯುವ ಒಂದೊಂದು ಜಾಯಿಂಟ್ ಶಾಫ್ಟ್. ಅಂಗೈ ಅಗಲದಲ್ಲಿ ಇಷ್ಟೂ ಇದೆ, ಇಷ್ಟೂ ಕೆಲಸ ಮಾಡುತ್ತದೆ. ಅಪ್ಪನಿಗೆ ತೋರಿಸಿದಾಗ ಅವರು ಬೆರಳಿನಿಂದ ಪಟ್ಟಿ ಒತ್ತಿ ನೋಡಿ, ‘ಇದಕ್ಕೆ ಎಲೆ ಜಾಸ್ತಿ ಆಯ್ತು’ ಅಂದರು. ಅದು ಎಷ್ಟು ಸರಿ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಗುರುತಿಸುವ ವಿಷಯ. ಈ ಬರಹದಲ್ಲಿ ಮುಖ್ಯವಾದದ್ದು ಇದೇ, ಯಾಕೆಂದರೆ ದುಡ್ಡು ಹೋಗುವುದು ಇಲ್ಲೇ.

ಆಟಿಕೆ ಅಂಗಡಿಗಳಲ್ಲಿ ‘ರಾಕ್ ಕ್ರಾಲರ್’, ‘ಆಫ್ ರೋಡ್ 4×4’ ಅಂತ ಬರೆದ ಡಬ್ಬಿಗಳು ರಾಶಿ ರಾಶಿ ಇರುತ್ತವೆ. ಸಾವಿರ, ಸಾವಿರದೈನೂರು ಬೆಲೆ. ಇವುಗಳಲ್ಲಿ ಬಹಳಷ್ಟು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಶಾಂತೌ ನಗರದ ಚೆಂಗ್‌ಹಾಯ್ ಕಡೆಯವು. ಅದು ದೊಡ್ಡ ಆಟಿಕೆ ಊರು. ಒಂದೇ ಅಚ್ಚಿನ ಗಾಡಿ ಹತ್ತು ಹೆಸರಿನ ಡಬ್ಬಿಯಲ್ಲಿ ಬರುತ್ತದೆ. ಹಾಗೆಯೇ ಒಳ್ಳೆಯ ಅಚ್ಚಿನ ಗಾಡಿಯೂ ಬೇರೆ ಬೇರೆ ಹೆಸರಲ್ಲಿ ಮಾರಾಟ ಆಗುತ್ತದೆ. ಆದ್ದರಿಂದ ಡಬ್ಬಿಯ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಗಾಡಿಯನ್ನು ಕೈಗೆ ಕೊಡಿ ಅಂತ ಕೇಳಿ. ಕೊಡದಿದ್ದರೆ ಆ ಅಂಗಡಿಯಲ್ಲಿ ಕೊಳ್ಳಬೇಡಿ.

ಕೈಗೆ ಬಂದ ತಕ್ಷಣ ತಿರುಗಿಸಿ. ಮುಂದಿನ ಹೌಸಿಂಗ್‌ಗೂ ಹಿಂದಿನ ಹೌಸಿಂಗ್‌ಗೂ ಉಬ್ಬಿದ ಪ್ಲಾಸ್ಟಿಕ್ ಪೆಟ್ಟಿಗೆ ಅಂಟಿಕೊಂಡಿದೆಯಾ? ಹಾಗಿದ್ದರೆ ಒಳಗೆ ಎರಡು ಮೋಟರ್ ಇವೆ, ಹೌಸಿಂಗ್‌ಗೆ ಒಂದೊಂದು. ನಡುವೆ ಕಾಣುವ ಶಾಫ್ಟ್ ಬರೀ ತೋರಿಕೆಗೆ, ಅದು ಏನನ್ನೂ ತಿರುಗಿಸುವುದಿಲ್ಲ. ಇದನ್ನು ಪರೀಕ್ಷೆ ಮಾಡುವುದು ಸುಲಭ. ಗಾಡಿಯನ್ನು ಎತ್ತಿ ಹಿಡಿದು ಹಿಂದಿನ ಎರಡೂ ಚಕ್ರಗಳನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಬೆರಳಿನಲ್ಲಿ ತಿರುಗಿಸಿ. ಅಡಿಯ ಶಾಫ್ಟ್ ಜೊತೆಗೆ ತಿರುಗಿದರೆ ಅದು ನಿಜವಾದ ಶಾಫ್ಟ್. ಸುಮ್ನೆ ನಿಂತಿದ್ದರೆ ಆಟಿಕೆ.

ಆಮೇಲೆ ರಿಮೋಟ್. ಸ್ಟಿಯರಿಂಗ್ ಅನ್ನು ಅರ್ಧ ತಿರುಗಿಸಿ ನೋಡಿ. ಚಕ್ರವೂ ಅರ್ಧವೇ ತಿರುಗಿತಾ, ಅಥವಾ ಟಕ್ ಅಂತ ಪೂರ್ತಿ ಹೋಯಿತಾ? ಆಕ್ಸಿಲರೇಟರ್ ಅನ್ನೂ ಹಾಗೇ ನೋಡಿ. ಅರ್ಧಕ್ಕೆ ಅರ್ಧ ಹೋಗುವ ಗಾಡಿಯಲ್ಲಿ ನೀವು ಕಲ್ಲಿನ ಮೇಲೆ ಚಕ್ರವನ್ನು ಇಂಚಿಂಚಾಗಿ ಇಡಬಹುದು. ಪೂರ್ತಿ ಇಲ್ಲವೇ ಏನೂ ಇಲ್ಲ ಅನ್ನುವ ಗಾಡಿ ಕಲ್ಲಿಗೆ ಗುದ್ದಿ ಮಗುಚಿಕೊಳ್ಳುತ್ತದೆ. ಇಷ್ಟೊಂದು ವ್ಯತ್ಯಾಸವನ್ನು ಡಬ್ಬಿಯ ಮೇಲೆ ಯಾರೂ ದೊಡ್ಡದಾಗಿ ಬರೆಯುವುದಿಲ್ಲ, ಅಲ್ವಾ?

ಸ್ಕ್ರೂ ಬಿಚ್ಚಲು ಬಿಟ್ಟರೆ ಇನ್ನೂ ಖಚಿತವಾದ ಗುರುತು ಇದೆ. ಸ್ಟಿಯರಿಂಗ್ ತಿರುಗಿಸುವ ಭಾಗಕ್ಕೆ ಎಷ್ಟು ವೈರ್ ಹೋಗಿವೆ ಎಣಿಸಿ. ಎರಡೇ ವೈರ್ ಇದ್ದರೆ ಅದು ಬರೀ ಮೋಟರ್, ತೀರಾ ಚಿಕ್ಕ ಗಾಡಿಗಳಲ್ಲಾದರೆ ತಾಮ್ರದ ಸುರುಳಿ ಮತ್ತು ಅಯಸ್ಕಾಂತ. ಎಡ, ಬಲ ಅಷ್ಟೇ ಗೊತ್ತು ಅದಕ್ಕೆ. ಐದು ವೈರ್ ಇದ್ದರೆ ಎರಡು ಮೋಟರಿಗೆ, ಮೂರು ಒಳಗಿನ ಪೊಟೆನ್ಷಿಯೋಮೀಟರಿಗೆ. ಚಕ್ರ ಈಗ ಯಾವ ಕೋನದಲ್ಲಿದೆ ಅನ್ನುವುದನ್ನು ಗಾಡಿಯ ಸರ್ಕ್ಯೂಟ್ ಬೋರ್ಡಿಗೆ ತಿಳಿಸುವುದು ಅದೇ. ಸಿ24ರಂಥ ಗಾಡಿಗಳಲ್ಲಿ ಕಾಣುವುದು ಈ ಐದು ವೈರಿನ ಸರ್ವೊ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್. ಮೂರು ವೈರ್ ಇದ್ದರೆ ಹವ್ಯಾಸಿಗಳು ಎಲ್ಲ ಕಡೆ ಬಳಸುವ ಮಾಮೂಲಿ ಸರ್ವೊ. ಅದು ಸಿಕ್ಕರೆ ಮುಂದಿನ ಕೆಲಸವೆಲ್ಲ ಹಗುರ.

ಬೋರ್ಡನ್ನೂ ನೋಡಿ. ಹದಿನಾರು ಕಾಲಿನ ಒಂದು ಚಿಪ್, ಪಕ್ಕದಲ್ಲಿ ತಾಮ್ರದ ಚಿಕ್ಕ ಸುರುಳಿಗಳು, ಉದ್ದದ ತಂತಿ ಆಂಟೆನಾ, ರಿಮೋಟಿನ ಮೇಲೆ 27 ಮೆಗಾಹರ್ಟ್ಸ್ ಅಂತ ಬರಹ ಇದ್ದರೆ ಅದು ಆರ್‌ಎಕ್ಸ್2 ಅನ್ನುವ ಚಿಪ್ಪಿನ ಹಳೇ ವಿನ್ಯಾಸ. ಮುಂದೆ, ಹಿಂದೆ, ಎಡ, ಬಲ, ಟರ್ಬೊ ಅಂತ ಐದೇ ಆಜ್ಞೆ ಅದಕ್ಕೆ ಗೊತ್ತು. ಅಕ್ಕಪಕ್ಕ ಎರಡು ಮಕ್ಕಳು ಇಂಥದ್ದೇ ಗಾಡಿ ಹಿಡಿದರೆ ಒಬ್ಬರ ರಿಮೋಟಿಗೆ ಇನ್ನೊಬ್ಬರ ಗಾಡಿ ಓಡುತ್ತದೆ. 2.4 ಗಿಗಾಹರ್ಟ್ಸ್ ರಿಮೋಟುಗಳು ತಮ್ಮ ಗಾಡಿಯ ಜೊತೆ ಮಾತ್ರ ಜೋಡಿಯಾಗುತ್ತವೆ, ಆ ತೊಂದರೆ ಇಲ್ಲ.

ಇಷ್ಟೆಲ್ಲ ಯಾಕೆ ನೋಡಬೇಕು? ಬಿಡಿ ಭಾಗ ಸಿಗುವುದು ಗೊತ್ತಿರುವ ಅಚ್ಚಿನ ಗಾಡಿಗೆ ಮಾತ್ರ. ಒಂದು ಹಲ್ಲು ಮುರಿದ ಗೇರ್ ಸಾಕು, ಆಟಿಕೆ ಕ್ರಾಲರ್ ಕಸಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲೇ ಹೆಸರಿಲ್ಲದ ಡಬ್ಬಿಯ ಒಂದು ಗಾಡಿ ಹಾಗೆ ಹೋಯಿತು. ಅದರ ಗೇರಿನ ಅಳತೆ ಬೇರೆ ಯಾವುದಕ್ಕೂ ಹೊಂದಲಿಲ್ಲ. ಸಿ24ಕ್ಕೆ ಹೌಸಿಂಗ್ ಒಳಗಿನ ಗೇರಿನಿಂದ ಹಿಡಿದು ಲೋಹದ ಶಾಫ್ಟ್, ಲೋಹದ ಗೇರ್ ಪೆಟ್ಟಿಗೆವರೆಗೆ ಎಲ್ಲ ಬಿಡಿಯಾಗಿ ಸಿಗುತ್ತವೆ. ಡಬ್ಲ್ಯುಪಿಎಲ್ ಬಿಟ್ಟರೆ ಎಂಎನ್ ಅನ್ನುವ ಇನ್ನೊಂದು ಕಂಪನಿಯ 1:12 ಗಾಡಿಗಳಿಗೂ ಹೀಗೇ ಭಾಗ ಸಿಗುತ್ತವೆ. ಲ್ಯಾಂಡ್‌ರೋವರ್ ಡಿಫೆಂಡರ್ ಹೋಲುವ ಡಿ90, ಲ್ಯಾಂಡ್‌ಕ್ರೂಸರ್ ಪಿಕಪ್ ಹೋಲುವ ಎಂಎನ್82 ಹೆಸರು ಮಾಡಿದ ಗಾಡಿಗಳು.

ಬೆಲೆಯ ಬಗ್ಗೆ ಒಂದು ಮಾತು. ಹೊರದೇಶದ ವಿಡಿಯೋಗಳಲ್ಲಿ ಹೇಳುವ ಬೆಲೆ ಇಲ್ಲಿ ಸಿಗುವುದಿಲ್ಲ. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ. 70 ಆಯಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಚಿಕ್ಕ ಮಕ್ಕಳಿಗೆ ಕೊಡಿಸುವುದಾದರೆ ಆ ಗುರುತು ನೋಡಿಯೇ ಕೊಡಿಸಿ. ಸಿ24ರಂಥದ್ದು ದೊಡ್ಡವರ ಹವ್ಯಾಸದ ಗಾಡಿ. ಲಿಥಿಯಂ ಬ್ಯಾಟರಿ, ಚೂಪು ಭಾಗ, ಬೆಸುಗೆ ಕೆಲಸ ಎಲ್ಲ ಇರುವುದರಿಂದ ಐದಾರು ವರ್ಷದ ಮಗುವಿನ ಕೈಗೆ ಇದನ್ನು ಒಂಟಿಯಾಗಿ ಕೊಡಬಾರದು.

ಇನ್ನು ಬದಲಾವಣೆ ವಿಷಯಕ್ಕೆ ಬರೋಣ. ದುಡ್ಡು ಖರ್ಚಾಗದ ಕೆಲಸದಿಂದಲೇ ಶುರು ಮಾಡಿ.

ಅಪ್ಪ ಹೇಳಿದ ಪಟ್ಟಿ ಕೆಲಸ ಮೊದಲನೆಯದು. ಡಬ್ಬಿಯಿಂದ ಬಂದ ಸಿ24ರ ಪಟ್ಟಿಗಳು ಅದರ ತೂಕಕ್ಕೆ ಬಿಗಿ. ಒಂದು ಚಕ್ರ ಕಲ್ಲು ಹತ್ತಿದರೆ ಪಟ್ಟಿ ಬಗ್ಗುವುದಿಲ್ಲ, ಇಡೀ ಗಾಡಿ ಓರೆಯಾಗಿ ಇನ್ನೊಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿರುವ ಚಕ್ರ ಗಾಡಿಯನ್ನು ಎಳೆಯಲಾರದು. ಪ್ರತಿ ಕಟ್ಟಿನಿಂದ ಒಂದು ಎಲೆ ತೆಗೆಯಿರಿ. ಮುಖ್ಯ ಎಲೆ, ಅಂದರೆ ತುದಿಯಲ್ಲಿ ಕಣ್ಣಿರುವ ಉದ್ದದ ಎಲೆ ಇರಲೇಬೇಕು. ನಡುವಿನದನ್ನು ತೆಗೆಯಿರಿ. ನಾಲ್ಕೂ ಕಡೆ ಒಂದೇ ಥರ ಇರಲಿ. ಲಾರಿ ಮಾಲೀಕರು ಜಾಸ್ತಿ ಲೋಡ್ ಹಾಕಲು ಅಪ್ಪನ ಹತ್ತಿರ ಎಲೆ ಸೇರಿಸಿಕೊಂಡು ಹೋಗುತ್ತಿದ್ದರು. ಇಲ್ಲಿ ಅದೇ ಲೆಕ್ಕ ಉಲ್ಟಾ, ಅಷ್ಟೇ. ಎಲೆ ತೆಗೆದ ಮೇಲೆ ಗಾಡಿಯ ನಡಿಗೆಯೇ ಬದಲಾಯಿತು. ಮೈ ನೆಟ್ಟಗಿರುತ್ತದೆ, ಕೆಳಗೆ ಚಕ್ರಗಳು ಮಾತ್ರ ಏರಿಳಿಯುತ್ತವೆ. ಅಪ್ಪ ಅದನ್ನು ನೋಡಿ ಬಹಳ ಖುಷಿಪಟ್ಟರು.

ಎರಡನೆಯದು ತೂಕ. ಹಗುರ ಗಾಡಿ ಹತ್ತುವುದಿಲ್ಲ, ಚಕ್ರ ಜಾರುತ್ತದೆ. ಹಾಗಂತ ತೊಟ್ಟಿಗೆ ಕಲ್ಲು ತುಂಬಿದರೆ ಹಿಂದಕ್ಕೆ ಮಗುಚುತ್ತದೆ. ತೂಕ ಆದಷ್ಟೂ ಕೆಳಗೆ ಮತ್ತು ಮುಂದೆ ಇರಬೇಕು. ಎಲ್ಲಕ್ಕಿಂತ ಕೆಳಗಿರುವ ಜಾಗ ಚಕ್ರದ ಒಳಗೆ. ವೀಲ್ ಅಲೈನ್‌ಮೆಂಟ್ ಅಂಗಡಿಗಳಲ್ಲಿ ಕಾರಿನ ಚಕ್ರ ಬ್ಯಾಲೆನ್ಸ್ ಮಾಡಲು ಅಂಟಿಸುವ ತೂಕದ ಪಟ್ಟಿ ಸಿಗುತ್ತದೆ, 5 ಗ್ರಾಂ, 10 ಗ್ರಾಂ ತುಂಡುಗಳದ್ದು. ಟೈರ್ ಬಿಚ್ಚಿ, ರಿಮ್ಮಿನ ಸುತ್ತ ಅದನ್ನು ಸಮನಾಗಿ ಅಂಟಿಸಿ, ಮತ್ತೆ ಟೈರ್ ಹಾಕಿ. ಕಬ್ಬಿಣದ ಪಟ್ಟಿ ಕೇಳಿ ತೆಗೆದುಕೊಳ್ಳಿ. ಸೀಸದ್ದಾದರೆ ಕೈ ತೊಳೆಯಬೇಕು, ಮಕ್ಕಳಿಂದ ದೂರ ಇಡಬೇಕು.

ಎಷ್ಟು ತೂಕ ಅಂತ ಅಂದಾಜಿನಲ್ಲಿ ಬಿಡಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಮುಂದಿನ ಎರಡು ಚಕ್ರ ತಕ್ಕಡಿಯ ಮೇಲೆ, ಹಿಂದಿನ ಎರಡು ಅಷ್ಟೇ ಎತ್ತರದ ಪುಸ್ತಕದ ಮೇಲೆ ಇಡಿ. ಬಂದ ಅಂಕಿ ಬರೆದುಕೊಳ್ಳಿ. ತಿರುಗಿಸಿ ಹಿಂದಿನದನ್ನೂ ತೂಗಿ. ಒಟ್ಟು ತೂಕದಲ್ಲಿ ಶೇ. 60ರಷ್ಟು ಮುಂದೆ, 40ರಷ್ಟು ಹಿಂದೆ ಇದ್ದರೆ ಕಡಿದಾದ ಏರಿನಲ್ಲಿ ಮೂತಿ ಮೇಲೇಳುವುದಿಲ್ಲ. ಬ್ಯಾಟರಿಯನ್ನು ಹಿಂದಿನಿಂದ ಬಾನೆಟ್ ಕೆಳಗೆ ಸರಿಸಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಟೈರಿಗೆ ಬಂದರೆ, ಮೆತ್ತನೆ ಟೈರ್ ಬೇರೆ ಕೊಳ್ಳುವ ಮೊದಲು ಒಂದು ಚೂಪಾದ ಬ್ಲೇಡಿನಿಂದ ಹಳೇ ಟೈರಿನ ದಪ್ಪ ಗುಬ್ಬಿಗಳ ಮೇಲೆ ಅಡ್ಡಕ್ಕೆ ಸಣ್ಣ ಸೀಳು ಹಾಕಿ ನೋಡಿ. ಗುಬ್ಬಿ ಬಾಗುತ್ತದೆ, ಕಲ್ಲನ್ನು ಕಚ್ಚುತ್ತದೆ. ಮನೆಯಲ್ಲಿ ಗಟ್ಟಿ ಪ್ಲಾಸ್ಟಿಕ್ ಚಕ್ರದ ಆಟಿಕೆ ಗಾಡಿ ಬಿದ್ದಿದ್ದರೆ ಅದಕ್ಕೂ ಒಂದು ಉಪಾಯ ಇದೆ. ಹಳೇ ಸೈಕಲ್ ಟ್ಯೂಬನ್ನು ಚಕ್ರದ ಅಗಲಕ್ಕೆ ಬಳೆಯ ಹಾಗೆ ಕತ್ತರಿಸಿ, ಎಳೆದು ಚಕ್ರಕ್ಕೆ ತೊಡಿಸಿ. ನಯವಾದ ನೆಲದಲ್ಲಿ ಜಾರುತ್ತಿದ್ದ ಗಾಡಿ ಹಿಡಿತದಿಂದ ಓಡುತ್ತದೆ. ಪಂಕ್ಚರ್ ಅಂಗಡಿಯವರು ಹಳೇ ಟ್ಯೂಬನ್ನು ಸುಮ್ನೆ ಕೊಡುತ್ತಾರೆ.

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿನ 40 ಎಂಎಂ ಜಲ್ಲಿ ರಾಶಿಯೇ ನನ್ನ ಪರೀಕ್ಷೆಯ ಮೈದಾನ. 1:16 ಲೆಕ್ಕದಲ್ಲಿ ಆ ಒಂದೊಂದು ಜಲ್ಲಿಯೂ ನಿಜವಾದ ಪಿಕಪ್ಪಿಗೆ ಎರಡಡಿ ಬಂಡೆ. ಡಬ್ಬಿಯಿಂದ ತೆಗೆದ ಹೊಸತರಲ್ಲಿ ಸಿ24 ಆ ರಾಶಿಯ ಅಂಚಿನಲ್ಲೇ ಒದ್ದಾಡುತ್ತಿತ್ತು. ಎಲೆ ತೆಗೆದು, ಮುಂದಿನ ಚಕ್ರಕ್ಕೆ ತೂಕ ಹಾಕಿದ ಮೇಲೆ ಅದೇ ಮೋಟರಿನಲ್ಲಿ ರಾಶಿಯ ನೆತ್ತಿ ಹತ್ತಿತು. ಆಗ ಸೈಟಿನ ಮೇಸ್ತ್ರಿಗಳೂ ಕೆಲಸ ಬಿಟ್ಟು ಬಂದು ನಿಂತಿದ್ದರು. ಇನ್ನೂರು ರೂಪಾಯಿಯೂ ಖರ್ಚಾಗದ ಕೆಲಸದಿಂದ ಇಷ್ಟು ಬದಲಾಗುತ್ತದೆ. ಅದಕ್ಕೇ ಹೇಳುವುದು, ಮೊದಲು ಮೋಟರ್ ಬದಲಿಸಲು ಹೋಗಬೇಡಿ.

ಮೋಟರ್ ಬದಲಿಸುವ ದಿನವೂ ಬರುತ್ತದೆ. ತೂಕ ಹೆಚ್ಚಿದಂತೆ ಚಿಕ್ಕ 260 ಮೋಟರ್ ಬಿಸಿಯಾಗುತ್ತದೆ. ಎಲ್ಲರೂ ಹಾಕುವುದು 370 ಅಳತೆಯದ್ದು. ಸುಮಾರು 24 ಎಂಎಂ ಅಡ್ಡಳತೆ, 31 ಎಂಎಂ ಉದ್ದದ ದುಂಡನೆ ಡಬ್ಬಿ ಅದು. ಕೊಳ್ಳುವಾಗ ಶಾಫ್ಟಿನ ದಪ್ಪ 2 ಎಂಎಂ ಇದೆಯಾ, 2.3 ಎಂಎಂ ಇದೆಯಾ ಅಂತ ಕ್ಯಾಲಿಪರ್‌ನಲ್ಲಿ ನೋಡಿ. ನಿಮ್ಮ ಪಿನಿಯನ್, ಅಂದರೆ ಮೋಟರ್ ತುದಿಗೆ ಸಿಕ್ಕಿಸುವ ಚಿಕ್ಕ ಗೇರಿನ ತೂತಿಗೆ ಹೊಂದದಿದ್ದರೆ ಮೋಟರ್ ಇದ್ದೂ ಪ್ರಯೋಜನ ಇಲ್ಲ. ಮೋಟರಿನ ಎರಡು ಕಾಲಿನ ನಡುವೆ 104 ಅಂತ ಬರೆದ ಸಿರಾಮಿಕ್ ಕೆಪ್ಯಾಸಿಟರ್ ಬೆಸೆದರೆ ಮೋಟರ್ ಒಳಗಿನ ಬ್ರಷ್ಷಿನ ಕಿಡಿಯಿಂದ, ರಿಮೋಟಿನ ಸಂಕೇತ ಹಿಡಿಯುವ ರಿಸೀವರಿಗೆ ಆಗುವ ಗಲಾಟೆ ಕಮ್ಮಿಯಾಗುತ್ತದೆ.

370 ಹಾಕಿದ ಮೇಲೆ ಎಲ್ಲವೂ ಸರಣಿಯಾಗಿ ಬರುತ್ತದೆ ಅನ್ನುವುದು ಗೊತ್ತಿರಲಿ. ಅದು ಎಳೆಯುವ ಕರೆಂಟು ಹೆಚ್ಚು. ಮೂಲ ಬೋರ್ಡಿನಲ್ಲಿ ರಿಸೀವರ್, ಮೋಟರ್ ನಿಯಂತ್ರಣ ಎರಡೂ ಒಂದರಲ್ಲೇ ಇರುವುದರಿಂದ ಅದರ ಮೇಲೆ ಹೊರೆ ಬೀಳುತ್ತದೆ. ಬೇರೆ ಇಎಸ್‌ಸಿ, ಅಂದರೆ ಮೋಟರಿನ ವೇಗ ನಿಯಂತ್ರಿಸುವ ಭಾಗ ಬೇಕು. ಬೇರೆ ಇಎಸ್‌ಸಿ ಅಂದರೆ ಬೇರೆ ರಿಸೀವರ್, ಬೇರೆ ರಿಮೋಟ್. ಬೇರೆ ರಿಸೀವರ್ ಅಂದರೆ ಐದು ವೈರಿನ ಸರ್ವೊ ನಡೆಯುವುದಿಲ್ಲ, ಮೂರು ವೈರಿನದ್ದು ಬೇಕು. ನಾನು ಹಾಬಿವಿಂಗ್ ಕ್ವಿಕ್‌ರನ್ 1625 ಇಎಸ್‌ಸಿ ಹಾಕಿದ್ದೇನೆ. 25 ಆಂಪಿಯರಿನದ್ದು, ಈ ಅಳತೆಯ ಗಾಡಿಗೆ ಧಾರಾಳ. ರಿಮೋಟ್ ಡಂಬೊಆರ್‌ಸಿ ಎಕ್ಸ್6. ಇವೆರಡರ ಜೋಡಿಯಿಂದ ಸಿಕ್ಕ ನಿಧಾನದ ಹಿಡಿತ ಮೂಲ ರಿಮೋಟಿನಲ್ಲಿ ಇರಲಿಲ್ಲ. ಚಕ್ರ ಗಡಿಯಾರದ ಮುಳ್ಳಿನ ಹಾಗೆ ಚಲಿಸುತ್ತದೆ. ಈ ಹಂತದಲ್ಲಿ ಖರ್ಚು ಗಾಡಿಯ ಬೆಲೆಯಷ್ಟೇ ಆಗುತ್ತದೆ. ಇಷ್ಟು ಮಾಡುವ ಮನಸ್ಸು ಮೊದಲೇ ಇದ್ದರೆ ಸಿ24 ಅನ್ನು ಬಿಡಿ ಭಾಗಗಳ ಕಿಟ್ ಆಗಿ ತರಿಸಿ ನೀವೇ ಜೋಡಿಸಿ. ಜೋಡಿಸುವಾಗಲೇ ಹೌಸಿಂಗ್ ಒಳಗೆ ಪ್ಲಾಸ್ಟಿಕ್ಕಿಗೆ ಒಗ್ಗುವ ಗ್ರೀಸ್ ತುಂಬಿ. ಸ್ಕ್ರೂ ಸಡಿಲವಾಗದಿರಲಿ ಅಂತ ಥ್ರೆಡ್‌ಲಾಕರ್ ಮಾತ್ರ ಪ್ಲಾಸ್ಟಿಕ್ಕಿಗೆ ಹಾಕಬೇಡಿ, ಅದು ಪ್ಲಾಸ್ಟಿಕ್ಕನ್ನು ಸೀಳಿಸುತ್ತದೆ.

ಸಿ24ರ ಒಂದು ಗುಣವನ್ನು ಒಪ್ಪಿಕೊಂಡೇ ಕೊಳ್ಳಬೇಕು. ಇದರ ಹೌಸಿಂಗ್‌ಗಳಲ್ಲಿ ಡಿಫರೆನ್ಷಿಯಲ್ ಇಲ್ಲ. ಎಡ, ಬಲ ಚಕ್ರ ಯಾವಾಗಲೂ ಒಟ್ಟಿಗೇ ತಿರುಗುತ್ತವೆ. ಕಲ್ಲು ಹತ್ತಲು ಅದೇ ಬೇಕು. ಆದರೆ ಸಿಮೆಂಟ್ ನೆಲದಲ್ಲಿ ಗಾಡಿ ದೊಡ್ಡ ಸುತ್ತು ಹಾಕಿಯೇ ತಿರುಗುತ್ತದೆ. ಮನೆಯೊಳಗೆ ಕುರ್ಚಿಗಳ ನಡುವೆ ಓಡಿಸಲು ಇದು ತಕ್ಕದ್ದಲ್ಲ.

ಒಳಗೆ ಓಡಿಸಲು, ನೋಡಿ ಖುಷಿಪಡಲು ಬೇಕಾದರೆ ಇದೇ ಕಂಪನಿಯ ಡಿ12 ಇದೆ. 1:10 ಅಳತೆ, ಸುಜುಕಿ ಕ್ಯಾರಿ ಹೋಲುವ ಪುಟ್ಟ ಸರಕು ಗಾಡಿ. ಮೋಟರಿನ ಶಕ್ತಿ ಹಿಂದಿನ ಚಕ್ರಗಳಿಗೆ ಮಾತ್ರ, ಕಲ್ಲು ಹತ್ತುವುದಿಲ್ಲ. ನಮ್ಮ ಮಾರುತಿ ಓಮ್ನಿಯೂ ಕ್ಯಾರಿಯ ಮನೆತನದ್ದೇ, ಹಾಗಾಗಿ ಆ ಮೂತಿ ನಮ್ಮ ಕಣ್ಣಿಗೆ ಹೊಸದಲ್ಲ. ನನ್ನ ಸ್ನೇಹಿತರೊಬ್ಬರು ಅದಕ್ಕೆ ಕೆಎ 13 ನಂಬರ್ ಪ್ಲೇಟ್ ಬರೆದು, ತೊಟ್ಟಿಗೆ ಹಳದಿ ಗೆರೆ ಎಳೆದು, ಚಿಕ್ಕ ಚಿಕ್ಕ ಆಲೂಗಡ್ಡೆ ಮೂಟೆ ಹೊಲಿದು ಹಾಕಿದ್ದಾರೆ. ಹಾಸನದ ಆಲೂಗಡ್ಡೆ ಸಂತೆಗೆ ಹೊರಟ ಗಾಡಿ ಅದು. ನನಗೆ ಬಹಳ ಹಿಡಿಸಿತು.

ಬ್ಯಾಟರಿ ವಿಷಯದಲ್ಲಿ ಮಾತ್ರ ಉಡಾಫೆ ಬೇಡ. 7.4 ವೋಲ್ಟ್ ಅಂದರೆ ಎರಡು ಲಿಥಿಯಂ ಸೆಲ್ ಸರಣಿಯಲ್ಲಿ. ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್. ಒಂದೊಂದು ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿದರೆ ಹಾಳು. ನೂರೈವತ್ತು ರೂಪಾಯಿಯೊಳಗೆ ಸಿಗುವ ಬಜರ್ ಅಲಾರಂ ಒಂದನ್ನು ಬ್ಯಾಟರಿಯ ಬ್ಯಾಲೆನ್ಸ್ ಕನೆಕ್ಟರಿಗೆ, ಅಂದರೆ ಒಂದೊಂದು ಸೆಲ್ಲಿನಿಂದಲೂ ವೈರ್ ಬರುವ ಚಿಕ್ಕ ಕನೆಕ್ಟರಿಗೆ ಸಿಕ್ಕಿಸಿದರೆ ವೋಲ್ಟೇಜ್ ಇಳಿದಾಗ ಕೂಗುತ್ತದೆ. ಚಾರ್ಜಿಗೆ ಹಾಕಿ ಮಲಗಬೇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬೇಡಿ.

ಭಾಗಗಳು ಎಲ್ಲಿ ಸಿಗುತ್ತವೆ ಅಂತ ಕೇಳುವವರಿಗೆ: ಡಬ್ಲ್ಯುಪಿಎಲ್ ಗೇರ್, ಶಾಫ್ಟ್, ಪಟ್ಟಿಗಳು ಆನ್‌ಲೈನ್‌ನಲ್ಲೇ. ಮೋಟರ್, ಸರ್ವೊ, ಕನೆಕ್ಟರ್, ಕೆಪ್ಯಾಸಿಟರ್, ವೈರ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಹೆಸರು ಹೇಳಿ ಕೇಳುವುದಕ್ಕಿಂತ ಹಳೇ ಮೋಟರ್, ಹಳೇ ಪಿನಿಯನ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಕೌಂಟರ್ ಮೇಲೆ ಇಡಿ. ಅಂಗಡಿಯವರು ಕಣ್ಣಳತೆಯಲ್ಲೇ ಸರಿಯಾದದ್ದು ತೆಗೆದು ಕೊಡುತ್ತಾರೆ. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ಶನಿವಾರ ಬೆಳಗ್ಗೆಯೇ ಹೋಗಿ.